ಎಡಬಲ ಅದಲುಬದಲಾದ ನಲವತ್ತು ಹೃದಯಗಳು

ಬೆಳಿಗ್ಗೆ ಒಂಬತ್ತೂವರೆಗೆ ಆಕೆ ಫೈಬರ್ ಹೃದಯವೊಂದನ್ನು ಎತ್ತಿ, ಅದರ ಮುಂಭಾಗ ಹೊರಕ್ಕೆ ಬರುವಂತೆ ತನ್ನ ಎದೆಗೆ ಹಿಡಿದುಕೊಳ್ಳುತ್ತಾಳೆ. ತನ್ನ ಎಡಗೈ ಕಡೆ ಬಂದ ಕೋಣೆಗಳಿಗೆ ‘ಎಡ’ ಎಂಬ ಚೀಟಿ, ಬಲಗೈ ಕಡೆಯವಕ್ಕೆ ‘ಬಲ’. ಶಾಲೆ ಕಾಲೇಜುಗಳಿಗೆ ಅಂಗಾಂಗಗಳ ಮಾದರಿ ಮಾಡುವ ಈ ಕಾರ್ಖಾನೆಯಲ್ಲಿ ಎಲ್ಲರೂ ಮಾಡುವುದು ಹೀಗೆಯೇ. ಮೇಜಿನ ಮೇಲಿಟ್ಟ ಹೃದಯ ಎದುರು ನಿಂತ ಮನುಷ್ಯನದು. ಅವನ ಎಡ ನಮಗೆ ಬಲ.

ಇಪ್ಪತ್ತೆರಡು ವರ್ಷದಿಂದ ಬಣ್ಣ ಹಚ್ಚುತ್ತಿರುವವಳಿಗೆ ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ ಕಣ್ಣು ಮುಚ್ಚಿದರೂ ಗೊತ್ತು. ಬಲಗಡೆ ನೀಲಿ: ಮೈಯಿಂದ ಮರಳಿದ ರಕ್ತ ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತದೆ. ಎಡಗಡೆ ಕೆಂಪು: ಶ್ವಾಸಕೋಶದಿಂದ ಬಂದದ್ದು ಮೈಗೆಲ್ಲ ಹೋಗುತ್ತದೆ. ಅಷ್ಟು ದೂರ ತಳ್ಳಬೇಕಾದ್ದರಿಂದ ಎಡ ಹೃತ್ಕುಕ್ಷಿಯ ಗೋಡೆಯೇ ಎಲ್ಲಕ್ಕಿಂತ ದಪ್ಪ.

ಫೆಬ್ರವರಿಯಲ್ಲಿ ಒಂದು ದಿನ ಲಾರಿ ಬಾಗಿಲಿಗೆ ಬಂದು ನಿಂತಿತ್ತು. ಎದೆಗೆ ಹಿಡಿಯುವಷ್ಟು ವ್ಯವಧಾನವಿಲ್ಲದೆ ನಲವತ್ತು ಮಾದರಿಗಳಿಗೆ ಮೇಜಿನ ಮೇಲಿದ್ದ ಹಾಗೇ ಚೀಟಿ ಅಂಟಿಸಿದಳು. ರವಾನೆಗೆ ಮುಂಚೆ ತೆಗೆದಿಟ್ಟಿದ್ದ ಫೋಟೋ ಮಾರ್ಚಿನಲ್ಲಿ ಕೈಗೆ ಸಿಕ್ಕಿತು. ನೀಲಿ ಕೋಣೆಗಳ ಮೇಲೆ ‘ಎಡ’ ಎಂದಿತ್ತು. ಪಾಠ ಮಾಡುವವರ ಕಣ್ಣಿಗೆ ಬೀಳದಿರುತ್ತದೆಯೇ ಎಂದುಕೊಂಡು ಬಾಯಿ ಮುಚ್ಚಿಕೊಂಡಳು.

ಮೇ ತಿಂಗಳ ಕೊನೆಯ ಭಾನುವಾರ, ನರ್ಸಿಂಗ್ ಓದುವ ತಂಗಿಯ ಮಗಳು ಮನೆಗೆ ಬಂದಳು.

“ಮೌಖಿಕ ಪರೀಕ್ಷೇಲಿ ಫೇಲಾದೆ ದೊಡ್ಡಮ್ಮ. ಶ್ವಾಸಕೋಶಕ್ಕೆ ರಕ್ತ ಕಳಿಸೋದು ಎಡಗಡೆ ಕೋಣೆ ಅಂದೆ. ಮೇಡಂ ನಕ್ಕುಬಿಟ್ರು. ನಾನು ಬಿಡ್ತೀನಾ? ಕಾಲೇಜಿಗೆ ಬಂದಿರೋ ಹೃದಯ ನಮ್ಮ ದೊಡ್ಡಮ್ಮನ ಕೈಯಲ್ಲೇ ಆಗಿದ್ದು, ಅದರಲ್ಲಿ ತಪ್ಪಿರಲ್ಲ ಅಂತ ವಾದಕ್ಕೇ ನಿಂತೆ.”

“ಆಮೇಲೆ?”

“‘ಹಾಗಾದ್ರೆ ನಿಮ್ಮ ದೊಡ್ಡಮ್ಮನ್ನೇ ಪರೀಕ್ಷೆಗೆ ಕೂರಿಸು’ ಅಂದ್ರು. ನಾನೇ ಎಲ್ಲೋ ತಪ್ಪು ನೋಡಿರ್ಬೇಕು. ನನ್ನ ತಲೆಗೆ ಈ ಓದು ಹತ್ತಲ್ಲ ಬಿಡಿ. ನಾಳೆ ಹೆಸರು ತೆಗೆಸ್ತೀನಿ.”

ಆಕೆ ಒಲೆ ಆರಿಸಿದಳು. “ನೀನು ಸರಿಯಾಗೇ ನೋಡಿದ್ದೀಯ ಪುಟ್ಟಿ. ಚೀಟಿ ಅಂಟಿಸಿದ್ದು ನಾನು. ಅದಲುಬದಲು ಮಾಡಿಬಿಟ್ಟೆ.”

“ಹೋಗಿ ದೊಡ್ಡಮ್ಮ, ತಮಾಷೆ ಮಾಡ್ಬೇಡಿ.” ಹುಡುಗಿ ನಕ್ಕಳು. ಆಕೆ ನಗಲಿಲ್ಲ. “ಯಾವಾಗ ಗೊತ್ತಾಯ್ತು?” ಎಂದಳು ಹುಡುಗಿ.

“ಮಾರ್ಚಲ್ಲಿ.”

“ನನ್ನ ಪರೀಕ್ಷೆ ಇದ್ದದ್ದು ಮೇ ಹತ್ತಕ್ಕೆ.”

ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು.

ಸೋಮವಾರ ಮಾಲೀಕರ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. “ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತೇನಮ್ಮ?” ಎಂದರು. ಬಯ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ ಎನ್ನುತ್ತಾಳೆ.

ಮಾದರಿ ಹೋದ ಕಡೆಗೆಲ್ಲ ಈಗ ಪತ್ರ ಹೋಗುತ್ತಿದೆ. ಹುಡುಗಿ ಇನ್ನೂ ಫೋನ್ ಎತ್ತಿಲ್ಲ. ಕಾಲೇಜಿನಿಂದ ಹೆಸರನ್ನೂ ತೆಗೆಸಿಲ್ಲ. ಅವಳಿಗೆ ಮರುಪರೀಕ್ಷೆ ಕೊಡಿ ಎಂದು ಕೇಳಲು ಆಕೆ ಗುರುವಾರ ರಜೆ ಹಾಕಿ ಪ್ರಾಂಶುಪಾಲರ ಬಳಿ ಹೋಗಲಿದ್ದಾಳೆ.