ಹೆಡರ್ ಅಕ್ಕನ ಹತ್ತೊಂಬತ್ತು ತುಂಡುಗಳು

ಲಿಫ್ಟಿನ ನಿಯಂತ್ರಣ ಪೆಟ್ಟಿಗೆ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಹೆಡರ್ ಅಕ್ಕ ಎಂದು. ಪೆಟ್ಟಿಗೆಯೊಳಗಿನ ಚಿಪ್ಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು ಅವಳ ಕೆಲಸ. ಬಾಗಿಲು ಎಷ್ಟು ಸೆಕೆಂಡು ತೆರೆದಿರಬೇಕು, ಮೋಟಾರಿನ ತಂತಿ ಯಾವ ಪಿನ್ನಿಗೆ, ಇಂಥ ಆರು ಸಾವಿರ ಸಾಲುಗಳು ಒಂದೇ ಹೆಡರ್ ಫೈಲಿನಲ್ಲಿದ್ದವು. ಉಳಿದ ಇನ್ನೂರು ಫೈಲುಗಳೂ ಮೊದಲ ಸಾಲಿನಲ್ಲೇ ಅದನ್ನು ಒಳಗೆ ಕರೆದುಕೊಳ್ಳುತ್ತಿದ್ದವು. ಅಲ್ಲಿ ಒಂದು ಅಂಕಿ ತಿದ್ದಿದರೆ ಇನ್ನೆಲ್ಲೋ ಎಡವಟ್ಟು. ಬರೆದವರು ಎಂದೋ ಕೆಲಸ ಬಿಟ್ಟಿದ್ದರು. ಹನ್ನೊಂದು ವರ್ಷದಿಂದ ಅದರ ತಲೆಬುಡ ತಿಳಿದವಳು ಇವಳೊಬ್ಬಳೇ.

ಮೂರು ಸಲ ಬೇರೆ ವಿಭಾಗಕ್ಕೆ ವರ್ಗ ಕೇಳಿದಳು. ಮೂರು ಸಲವೂ ಮ್ಯಾನೇಜರದು ಒಂದೇ ಮಾತು: "ನೀವು ಹೋದ್ರೆ ಇದನ್ನ ಯಾರು ನೋಡ್ಕೋತಾರೆ ಮೇಡಂ?"

ತಂಗಿಯ ಹೆರಿಗೆಗೆ ಹೋದಾಗಲೂ ಲ್ಯಾಪ್‌ಟಾಪ್ ಮಡಿಲಲ್ಲೇ ಇತ್ತು. ನೋವಿನ ನಡುವೆಯೇ ತಂಗಿ, "ಅಕ್ಕಾ, ಹೆರ್ತಿರೋದು ನಾನು ಕಣೇ. ನೀನ್ಯಾಕೆ ಹಲ್ಲು ಕಚ್ಕೊಂಡು ಕೂತಿದ್ದೀಯಾ?" ಎಂದಳು. ಅಕ್ಕ ನಗಲು ಹೋಗಿ ಅತ್ತುಬಿಟ್ಟಳು.

ಕೆಲಸಕ್ಕೆ ಮರಳಿದವಳೇ ಯಾರಿಗೂ ಹೇಳದೆ ಆ ಫೈಲನ್ನು ಒಡೆಯತೊಡಗಿದಳು. ಬಾಗಿಲಿಗೊಂದು, ಮೋಟಾರಿಗೊಂದು, ಗುಂಡಿಗಳಿಗೊಂದು. ನಾಲ್ಕು ತಿಂಗಳಲ್ಲಿ ಹತ್ತೊಂಬತ್ತು ಪುಟ್ಟ ಹೆಡರುಗಳಾದವು. ಯಾರು ಬೇಕಾದರೂ ಓದಿ ಅರ್ಥಮಾಡಿಕೊಳ್ಳಬಹುದಿತ್ತು, ಅವಳು ಹೊರಡಬಹುದಿತ್ತು.

ಕಾರ್ಖಾನೆಯ ಪರೀಕ್ಷಾ ಲಿಫ್ಟಿಗೆ ಅವನ್ನು ಹಾಕಿದ ದಿನ, ಪರೀಕ್ಷೆ ನಡೆಸುವ ಟೆಸ್ಟರ್ ಹುಡುಗ ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಒಳಗೆ ಕಾಲಿಡುವಷ್ಟರಲ್ಲಿ ಬಾಗಿಲು ಮುಚ್ಚಿತು. ಎಂಟು ಸೆಕೆಂಡು ಕಾಯಬೇಕಿದ್ದದ್ದು ಎರಡೇ ಸೆಕೆಂಡಿಗೆ. ನಡುವೆ ಸಿಕ್ಕ ಅವನ ಮಣಿಕಟ್ಟು ಊದಿಕೊಂಡಿತು.

ಮಧ್ಯಾಹ್ನವಿಡೀ ಹುಡುಕಿದಳು. ಒಂದೇ ಹೆಡರ್ ಎರಡು ಸಲ ಒಳಬರದಂತೆ ಪ್ರತಿಯೊಂದರ ತಲೆಯಲ್ಲೂ ಒಂದು ಕಾವಲು ಹೆಸರಿರುತ್ತದೆ. ಮೋಟಾರಿನ ಹೆಡರನ್ನು ನಕಲು ಮಾಡಿ ಬಾಗಿಲಿನದನ್ನು ಬರೆದಾಗ ಆ ಹೆಸರು ಬದಲಿಸಲು ಮರೆತಿದ್ದಳು. ಈಗಾಗಲೇ ಬಂದಾಯಿತೆಂದು, ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಬಾಗಿಲಿನ ಹೆಡರನ್ನು ಸದ್ದಿಲ್ಲದೆ ಹಾರಿಸಿತ್ತು. ಬೇರೆ ಲೆಕ್ಕ ಸಿಗದಿದ್ದರೆ ಇರಲೆಂದು ಯಾರೋ ಹಿಂದೆ ಇನ್ನೊಂದು ಫೈಲಿನಲ್ಲಿ ಇಟ್ಟಿದ್ದ ಎರಡು ಸೆಕೆಂಡೇ ಗತಿಯಾಗಿತ್ತು.

"ತಪ್ಪು ನಂದೇ," ಎಂದು ಮ್ಯಾನೇಜರ ಮುಂದೆ ನಿಂತಳು.

"ಅದನ್ನ ಮುಟ್ಟೋಕೆ ಯಾರು ಹೇಳಿದ್ರು? ಹಳೇದನ್ನೇ ಹಾಕಿ. ಇನ್ಮೇಲೆ ಆ ಫೈಲಿನ ಒಂದು ಸಾಲನ್ನೂ ನಿಮ್ಮ ಸಹಿ ಇಲ್ದೆ ಯಾರೂ ಮುಟ್ಟೋ ಹಾಗಿಲ್ಲ."

ಬಿಡಿಸಿಕೊಳ್ಳಲು ಹೋದ ಗಂಟು ಇನ್ನಷ್ಟು ಬಿಗಿಯಾಯಿತು. ಅವಳು ಹಳೆಯ ಫೈಲನ್ನೇ ಮತ್ತೆ ಹಾಕಿ ಬಂದು ಕುಳಿತಳು.

ಮಣಿಕಟ್ಟಿಗೆ ಪಟ್ಟಿ ಸುತ್ತಿದ್ದ ಟೆಸ್ಟರ್ ಹತ್ತಿರ ಬಂದ. "ಅಕ್ಕಾ, ಆ ತುಂಡುಗಳನ್ನ ಅಳಿಸಿಬಿಟ್ರಾ?"

"ಇಲ್ಲಪ್ಪ. ಕೈ ಬರ್ಲಿಲ್ಲ."

"ಒಟ್ಟಿಗೆ ಹಾಕ್ಬೇಡಿ. ಒಂದೊಂದೇ ಕೊಡಿ, ಪರೀಕ್ಷೆ ಮಾಡ್ತೀನಿ. ಮ್ಯಾನೇಜರಿಗೆ ನಾನೇ ಹೇಳ್ತೀನಿ."

ಅವನು ಹೇಳಿದ. ಮ್ಯಾನೇಜರು ಗೊಣಗುತ್ತಲೇ ಒಪ್ಪಿದರು, ವರ್ಷಕ್ಕೆ ಎರಡೇ ಎಂಬ ಷರತ್ತಿನ ಮೇಲೆ. ಮೂರು ವರ್ಷವಾಗಿದೆ. ಆರು ಹೆಡರುಗಳು ಒಳಸೇರಿವೆ. ಅವಳು ಇನ್ನೂ ಅದೇ ಕುರ್ಚಿಯಲ್ಲಿದ್ದಾಳೆ. ಏಳನೆಯದು, ಗುಂಡಿಗಳದು, ಪರೀಕ್ಷೆಯಲ್ಲಿದೆ.