ಹೊಲವಿಲ್ಲದವರ ಮುಯ್ಯಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ಎಲ್ಲಮ್ಮನ ಸೀರೆ ಹಸಿರಿತ್ತೆಂದು ನನ್ನ ನೆನಪು. (ಆಗ ನಾನು ಸಣ್ಣ ಹುಡುಗಿ. ಹಸಿರು ನನಗೆ ಇಷ್ಟದ ಬಣ್ಣ. ಅನುಮಾನ ಅಲ್ಲಿಂದಲೇ ಶುರು.) ಆದರೆ ಅವಳು ಹಾಕಿದ ಮಣ್ಣಿನ ಮಾಳಿಗೆ ಸುಳ್ಳಲ್ಲ.

ಕಳೆದ ಭಾನುವಾರ ಗೋಕಾಕದಿಂದ ಬಸ್ಸು ಹಿಡಿದು ಮೇಲವಂಕಿಗೆ ಹೋಗಿದ್ದೆ. ನಾನು ಕಲಿತ ಶಾಲೆಯ ಮಣ್ಣಿನ ಮಾಳಿಗೆ ತೆಗೆದು ಹೆಂಚು ಹೊದಿಸಿದ್ದಾರೆ. ಅದಕ್ಕೊಂದು ಸಣ್ಣ ಸಭೆ. ನಮ್ಮ ಕಾಕಾ ಎದ್ದು, "ಇದು ಊರಾಗಿನ ಮಂದಿ ಶ್ರಮದಾನ ಮಾಡಿ ಕಟ್ಟಿದ ಸಾಲಿ" ಎಂದರು. ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಕೈ ನಿಂತಿತು. ಊರಾಗಿನ ಮಂದಿಯಷ್ಟೇ?

ಸ್ವಾತಂತ್ರ್ಯ ಬಂದ ಹೊಸತು. ಕಟ್ಟಡವಿದ್ದರೆ ಮಾತ್ರ ಮಾಸ್ತರನ್ನು ಕಳಿಸುತ್ತೇವೆ ಎಂದು ಶಿಕ್ಷಣ ಇಲಾಖೆಯವರು ಹೇಳಿಕಳಿಸಿದ್ದರು. ಗೋಡೆಗಳೇನೋ ಎದ್ದವು. ಅಷ್ಟರಲ್ಲಿ ಮಳೆ ಬಿತ್ತು, ಊರೆಲ್ಲ ಬಿತ್ತನೆಗೆ ಓಡಿತು. ಮಾಳಿಗೆಯಿಲ್ಲದ ಮಣ್ಣಿನ ಗೋಡೆ ಎಷ್ಟು ದಿನ ನಿಂತೀತು? ಹುಡುಗರು ಬೇರೆ ಊರಿನ ಶಾಲೆಗೆ ನಡೆದಾರು. ನನ್ನನ್ನು ಯಾರು ಕಳಿಸುತ್ತಿದ್ದರು?

ಕಾಲುವೆ ತೋಡಲು ತೆಲುಗು ಸೀಮೆಯ ಪಾಲಮೂರು ಕಡೆಯಿಂದ ಕೂಲಿಗೆ ಬಂದವರು ಊರ ಹೊರಗೆ ಗುಡಿಸಲು ಹಾಕಿದ್ದರು. ಅದೇ ಮಳೆಗೆ ಗುಡಿಸಲು ಕಿತ್ತುಹೋದಾಗ ಕಾಕಿ ಅವರನ್ನೆಲ್ಲ ನಮ್ಮ ದನದ ಕೊಟ್ಟಿಗೆಗೆ ಕರೆದರು. ಅವರ ಗುಂಪಿನ ಹಿರಿಯಳು ಎಲ್ಲಮ್ಮ. ಅವಳ ಮಕ್ಕಳು ನನ್ನ ಓರಗೆಯವರು.

ನಮ್ಮಲ್ಲಿ ಮುಯ್ಯಿ ಪದ್ಧತಿಯಿದೆ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಹೊಲವೇ ಇಲ್ಲದವರ ಜೊತೆ ಯಾರು ಮುಯ್ಯಿ ಮಾಡುತ್ತಾರೆ? ಮಳೆ ಬಿಡುವು ಕೊಟ್ಟ ಸಂತೆಯ ದಿನ, ತಮಗೆ ರಜೆಯಿದ್ದಾಗ, ಎಲ್ಲಮ್ಮನ ಗುಂಪು ಬುಟ್ಟಿ ಗುದ್ದಲಿ ಹೊತ್ತು ಶಾಲೆಯ ಮುಂದೆ ನಿಂತಿತು.

"ಪಗಾರ ಯಾರ ಕೊಡಬೇಕವಾ?" ಕಾಕಾ ಗಾಬರಿಯಾದರು.

ಎಲ್ಲಮ್ಮ ನಮ್ಮ ಮಾತು ಚೆನ್ನಾಗಿಯೇ ಕಲಿತಿದ್ದಳು. "ಇದು ನಿಮ್ಮ ಕೊಟ್ಟಿಗಿಗೆ ಮುಯ್ಯಿರಿ, ಗೌಡ್ರ. ನಿಮ್ಮ ಗಂಡಸರು ಬಿತ್ತಿ ಬರೂದ್ರಾಗ ಗ್ವಾಡಿ ಹೊಳಿ ಸೇರತಾವು."

"ಖರೆ ಹೇಳಿದಿ ನೋಡು," ಕಾಕಿ ನಗುತ್ತ ರೊಟ್ಟಿ ಬಡಿಯಲು ಒಳಗೆ ನಡೆದರು.

ಸಂಜೆಯೊಳಗೆ ಗೋಡೆಗಳ ಮೇಲೆ ಜಂತಿ, ಜಂತಿಗಳ ಮೇಲೆ ಮಣ್ಣು ಕೂತಿತು. ಮಾಸ್ತರು ಬಂದರು. ನನಗೆ ಅಕ್ಷರ ಬಂತು, ಧಾರವಾಡದ ಡಿಗ್ರಿ ಬಂತು, ಈ ಅಂಕಣವೂ ಬಂತು. ಕಾಲುವೆ ಮುಂದೆ ಸಾಗಿತು, ಎಲ್ಲಮ್ಮನ ಗುಂಪೂ ಅದರ ಜೊತೆ.

ಸಭೆಯಲ್ಲಿ ಎದ್ದು ಇಷ್ಟನ್ನೂ ಹೇಳಿದೆ. ಕಾಕಾ ಸಿಟ್ಟಾಗಲಿಲ್ಲ. "ಮರತೇ ಬಿಟ್ಟಿದ್ದೆ ನೋಡವಾ. ಛಲೋ ನೆನಪ ಮಾಡಿದಿ" ಎಂದು ಎಲ್ಲರಿಗೂ ಕೇಳುವಂತೆ ಅಂದರು. ಈ ಸಲದ ಚಪ್ಪಾಳೆ ಇನ್ನೂ ಜೋರಾಗಿತ್ತು.

ಬಸ್ಸಿನ ತನಕ ಕಳಿಸಲು ಬಂದಾಗ ಅವರನ್ನು ಒಂದು ಮಾತು ಕೇಳಿದೆ.

"ಕಾಕಾ, ಆ ಮಾಳಿಗಿ ಕೆಳಗ ಎಲ್ಲಮ್ಮನ ಮಕ್ಕಳು ಒಂದಿನಾರ ಕುಂತಿದ್ರೇನ್ರಿ?"