ಮುಳ್ಳು ಏರಿದ ಸೋಮವಾರ

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳಲ್ಲಿ ನಾನು ಮಹಾಪೆಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದೆ. ಅಲ್ಲಿ ಬ್ಯಾಕ್ಟೀರಿಯಾಗಳಿಂದ ಬಿ-ಹನ್ನೆರಡು ವಿಟಮಿನ್ ತಯಾರಾಗುತ್ತಿತ್ತು. ಮೂರಂತಸ್ತು ಎತ್ತರದ ಉಕ್ಕಿನ ಟ್ಯಾಂಕುಗಳಲ್ಲಿ ಅವಕ್ಕೆ ಸಕ್ಕರೆ ಪಾಕ ಉಣಿಸಿ, ಗಾಳಿ ಊದಿ, ಒಂದು ವಾರ ಸಾಕಬೇಕು. ಕೊನೆಗೆ ದ್ರವ ಕೋಕಮ್ ಶರಬತ್ತಿನಂತೆ ಕೆಂಪಾಗುತ್ತಿತ್ತು. ಪ್ರತಿ ಟ್ಯಾಂಕಿಗೆ ಬೇಕಾದ ಬೀಜ, ಅಂದರೆ ಮೊದಲ ಫ್ಲಾಸ್ಕಿನ ಬ್ಯಾಕ್ಟೀರಿಯಾ, ಬೆಳೆಸಿಕೊಡುವುದು ನನ್ನ ಕೆಲಸ.

ಒಂದು ಸೋಮವಾರ ಡೊಂಬಿವಲಿಯ ಮನೆಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಟ್ಯಾಂಕು ನೋಡಿಕೊಳ್ಳುವ ಆಪರೇಟರು ಬಾಗಿಲಲ್ಲಿ ನಿಂತಿದ್ದರು. ಬಿಜಾಪುರ ಕಡೆಯವರು, ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರು.

“ಮ್ಯಾಡಮ್, ವಾಸ್ನಿ ಬ್ಯಾರೆ ಆಗೇತ್ರಿ. ಬಂದು ಮೀಟರ್ ನೋಡ್ರಿ.”

ಟ್ಯಾಂಕಿನೊಳಗಿನ ಆಮ್ಲಜನಕ ತೋರಿಸುವ ಮುಳ್ಳು ಏರುತ್ತಿತ್ತು. ಅದು ಏರಿದರೆ ಒಳಗೆ ಉಸಿರಾಡುವವರು ಕಡಿಮೆಯಾಗುತ್ತಿದ್ದಾರೆ ಎಂದರ್ಥ. ಮಧ್ಯಾಹ್ನದ ಹೊತ್ತಿಗೆ ಸೂಕ್ಷ್ಮದರ್ಶಕದಲ್ಲಿ ಒಡೆದ ಚೂರುಗಳಷ್ಟೇ ಕಂಡವು. ಬ್ಯಾಕ್ಟೀರಿಯಾಗಳನ್ನೇ ಕೊಲ್ಲುವ ವೈರಸ್ಸು ಹೊಕ್ಕಿತ್ತು.

ಟ್ಯಾಂಕನ್ನು ಹಬೆ ಹಾಯಿಸಿ ತೊಳೆದು ಮತ್ತೆ ತುಂಬಿದೆವು. ಮೂರನೇ ದಿನ ಮುಳ್ಳು ಮತ್ತೆ ಏರಿತು. ಪಕ್ಕದ ಟ್ಯಾಂಕಿನಲ್ಲೂ ಅದೇ ಆಯಿತು. ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಾಗ ಎಲ್ಲರೂ, ರೋಗ ತಾವೇ ತಂದೆವೇನೋ ಎಂಬಂತೆ, ತಮ್ಮ ಕೈ ನೋಡಿಕೊಳ್ಳುತ್ತಿದ್ದರು. ಉಡುಪಿ ಕಡೆಯ ನಮ್ಮ ಮ್ಯಾನೇಜರು, ತೊಳೆದದ್ದು ಸರಿಯಾಗಿಲ್ಲವೆಂದು ಆಪರೇಟರನ್ನು ಸಸ್ಪೆಂಡ್ ಮಾಡಿದರು.

“ನಾ ಬರೋಬ್ಬರಿ ತೊಳದೀನ್ರಿ” ಎಂದಷ್ಟೇ ನನಗೆ ಹೇಳಿ ಆಪರೇಟರು ಊಟದ ಡಬ್ಬಿ ಎತ್ತಿಕೊಂಡು ಹೋದರು.

ಆ ಮಾತು ನನ್ನನ್ನು ಬಿಡಲಿಲ್ಲ. ನನ್ನ ಫ್ಲಾಸ್ಕನ್ನು ಯಾರೂ ಪರೀಕ್ಷಿಸಿರಲಿಲ್ಲ, ನಾನೂ ಸಹ. ಹಳೆಯ ದಾಸ್ತಾನಿನ ಆರೋಗ್ಯವಂತ ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯ ಮೇಲೆ ಆ ಫ್ಲಾಸ್ಕಿನಿಂದ ಸೋಸಿದ ಹನಿಗಳನ್ನು ಬಿಟ್ಟೆ. ಮರುದಿನ ಬೆಳಿಗ್ಗೆ ತಟ್ಟೆಯ ತುಂಬ ನುಸಿ ತಿಂದ ಬಟ್ಟೆಯಂತೆ ತೂತುಗಳು; ಪ್ರತಿಯೊಂದೂ ಬ್ಯಾಕ್ಟೀರಿಯಾ ಸತ್ತ ಜಾಗ. ಕಾಯಿಲೆಯನ್ನು ಪ್ರತಿ ಟ್ಯಾಂಕಿಗೂ ನಾನೇ ಹಂಚಿದ್ದೆ.

ತಟ್ಟೆಯನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ವಿಷಯ ಹೇಳಿದೆ. ಅವರು ಅದನ್ನು ಬದಿಗೆ ಸರಿಸಿದರು.

“ಇದನ್ನು ರಿಪೋರ್ಟಿನಲ್ಲಿ ಬರಿಯೋದು ಬೇಡ ಮಾರಾಯ್ರೆ. ಆ ಆಪರೇಟರನ ಸಸ್ಪೆನ್ಷನ್ ಹೇಗೂ ಆಯ್ತಲ್ಲ.”

“ಬರೆದಾಗಿದೆ ಸರ್,” ಅಂದೆ.

ಸುಳ್ಳು. ಲ್ಯಾಬಿಗೆ ಹಿಂತಿರುಗಿ, ಬಾಗಿಲು ಹಾಕಿಕೊಂಡು, ಆಮೇಲೆ ಬರೆದೆ.

ಹತ್ತು ದಿನದ ಮೇಲೆ ಆಪರೇಟರು ಕೆಲಸಕ್ಕೆ ಮರಳಿದರು. ನನ್ನನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಹೊಸ ತಳಿ ತರಿಸಿ ಟ್ಯಾಂಕುಗಳನ್ನು ಮತ್ತೆ ಶುರುಮಾಡಿದರೂ, ವೈರಸ್ಸು ನನ್ನ ಲ್ಯಾಬಿಗೆ ಎಲ್ಲಿಂದ ಬಂತೆಂದು ಕೊನೆಗೂ ಯಾರಿಗೂ ತಿಳಿಯಲಿಲ್ಲ. ಆ ವರ್ಷವೆಲ್ಲ ಮನೆಗೆ ಬಂದು ಮಗಳನ್ನು ಮುಟ್ಟುವ ಮುಂಚೆ ಮೊಣಕೈವರೆಗೆ ಕೈ ತೊಳೆಯುತ್ತಿದ್ದೆ. ಆ ವೈರಸ್ಸು ಮನುಷ್ಯರಿಗೆ ತಗಲುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.